ಲ್ಯಾಬಿನಕ್ಕ ತಿದ್ದದ ರಿಪೋರ್ಟು

ಲ್ಯಾಬಿನಕ್ಕನ ಬಲಗೈಯ ಎರಡು ಬೆರಳುಗಳು ಯಾವಾಗಲೂ ನೇರಳೆ. ರಕ್ತ ಪರೀಕ್ಷೆಯ ಗಾಜಿನ ಪಟ್ಟಿಗೆ ಹಾಕುವ ಬಣ್ಣ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಬೆಳ್ತಂಗಡಿಯಲ್ಲಿ ಅವರದು ಒಂದೇ ಕೋಣೆಯ ಲ್ಯಾಬ್. ಸೂಜಿ ಚುಚ್ಚುವಾಗ "ಬೆಳಿಗ್ಗೆ ಏನು ತಿಂಡಿ?" ಎಂದು ಕೇಳುವರು, ನಾವು ಉತ್ತರಿಸುವಷ್ಟರಲ್ಲಿ ರಕ್ತ ತೆಗೆದಾಗಿರುತ್ತಿತ್ತು.

ತೊಂಬತ್ತರ ದಶಕವದು. ಮಕ್ಕಳಾಗಲಿಲ್ಲವೆಂದು ಏಳು ವರ್ಷ ನಾನು ಮಡಂತ್ಯಾರಿನಿಂದ ಬಸ್ಸು ಹತ್ತಿ ಅಲ್ಲಿಗೆ ಹೋದೆ. ಪ್ರತಿ ಸಲವೂ ರಿಪೋರ್ಟಿನಲ್ಲಿ ಎಲ್ಲ ಸರಿಯಿತ್ತು. ಆದರೂ ಅತ್ತೆ ನನ್ನನ್ನು ಸೀಮಂತಗಳಿಗೆ ಕರೆದೊಯ್ಯುವುದನ್ನು ಬಿಟ್ಟಿದ್ದರು. ಕೊನೆಗೆ ಲ್ಯಾಬಿನಕ್ಕನಿಗೇ ಸಿಟ್ಟು ಬಂತು. "ನಿಮ್ಮ ರಕ್ತ ಎಷ್ಟು ತೆಗೆಯುವುದು ಮಾರಾಯ್ತಿ? ಡಾಕ್ಟರಲ್ಲಿ ಚೀಟಿ ಬರೆಸಿ ಯಜಮಾನರನ್ನು ಕರ್ಕೊಂಡು ಬನ್ನಿ."

ಗಂಡ ಒಪ್ಪಲಿಲ್ಲ. ಆಮೇಲೆ ಅತ್ತೆ ಅವರಿಗೆ ಇನ್ನೊಂದು ಹೆಣ್ಣು ನೋಡಿದರು. ಆ ಮನೆಯವರು ಬುದ್ಧಿವಂತರು, ಗಂಡಿನ ರಿಪೋರ್ಟ್ ಕೇಳಿದರು. ಆಗ ಗಂಡ ಹೊರಟರು. ಲ್ಯಾಬಿನ ದಾರಿ ಗೊತ್ತಿದ್ದವಳು ನಾನೇ ಆದ್ದರಿಂದ ಜೊತೆಗೆ ಹೋದೆ.

ವೀರ್ಯದಲ್ಲಿ ಒಂದು ವೀರ್ಯಾಣುವೂ ಇರಲಿಲ್ಲ.

"ಅದು ಹೇಗೆ? ನನಗೇನೂ ಕಡಿಮೆ ಇಲ್ಲವಲ್ಲ!" ಗಂಡ ಕೂಗಾಡಿದರು.

ಅಕ್ಕ ಕಾಗದದ ಮೇಲೆ ಚಿತ್ರ ಬರೆದರು. "ವೀರ್ಯಾಣು ತಯಾರಾಗುವುದು ವೃಷಣದಲ್ಲಿ. ಅಲ್ಲಿಂದ ಸಪೂರದ ನಾಳದಲ್ಲಿ ಬರ್ತದೆ. ದ್ರವ ಹೆಚ್ಚಿನದು ದಾರಿಯಲ್ಲಿರುವ ಬೇರೆ ಗ್ರಂಥಿಗಳದ್ದು. ನಾಳ ಮುಚ್ಚಿದ್ದರೂ, ವೃಷಣ ಕೆಲಸ ಮಾಡದಿದ್ದರೂ ದ್ರವ ಬರ್ತದೆ. ಇದರಲ್ಲಿ ಗಂಡಸುತನದ ಪ್ರಶ್ನೆ ಇಲ್ಲ. ಹೊಸ ವೀರ್ಯಾಣು ತಯಾರಾಗಲಿಕ್ಕೆ ಎರಡೂವರೆ ತಿಂಗಳು ಬೇಕು. ಆಮೇಲೆ ಇನ್ನೊಮ್ಮೆ ನೋಡುವ."

"ನೋಡುವುದು ಬೇಡ. ಸರಿ ಉಂಟು ಅಂತ ಬರ್ದು ಕೊಡಿ."

"ಇಲ್ಲದ್ದನ್ನು ಉಂಟು ಅಂತ ನಾನು ಬರೆಯುವುದಿಲ್ಲ."

ಆ ಸಂಬಂಧ ಮುರಿಯಿತು. ನಾನು ಮನೆಯಲ್ಲಿ ಉಳಿದೆ. ಆದರೆ ಆ ಲ್ಯಾಬಿನಲ್ಲಿ ಯಾರದೋ ರಿಪೋರ್ಟ್ ಯಾರಿಗೋ ಕೊಡುತ್ತಾರೆಂದು ಗಂಡನೂ ಅತ್ತೆಯೂ ಊರಿಡೀ ಹೇಳಿಕೊಂಡು ಬಂದರು. "ನಿನಗೂ ಹಾಗೇ ಆದದ್ದಾ?" ಎಂದು ಹೆಂಗಸರು ಕೇಳಿದಾಗ ನಾನು ಸುಮ್ಮನಿದ್ದೆ. ನನ್ನ ಮೌನವನ್ನು ಅವರು ಹೌದೆಂದೇ ತಿಳಿದರು. ಎರಡು ವರ್ಷದೊಳಗೆ ಲ್ಯಾಬ್ ಮುಚ್ಚಿತು.

ಒಮ್ಮೆ ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಅಕ್ಕ ಸಿಕ್ಕಿದರು. ಅಲ್ಲೆಲ್ಲೋ ಇನ್ನೊಬ್ಬರ ಕೈಕೆಳಗೆ ದುಡಿಯುತ್ತಿದ್ದರಂತೆ. ಕ್ಷಮೆ ಕೇಳಲು ನಾನು ಬಾಯಿ ತೆರೆಯುವ ಮೊದಲೇ, "ಮನೆಯಲ್ಲಿ ಈಗ ಕಿರಿಕಿರಿ ಕಡಿಮೆ ಉಂಟಾ?" ಎಂದು ಕೇಳಿದರು. ಹೌದೆಂದೆ. ಬಸ್ಸು ಬಂತು. ಹತ್ತಿಬಿಟ್ಟೆ.

ಅವರು ತೀರಿಕೊಂಡ ಸುದ್ದಿಯನ್ನು ಪಕ್ಕದ ಮನೆಯವರು ನಾವು ಊಟಕ್ಕೆ ಕುಳಿತಿದ್ದಾಗ ತಂದರು.

"ಯಾರು, ಆ ತಪ್ಪು ರಿಪೋರ್ಟಿನವಳಾ?" ಎಂದರು ಗಂಡ.

ಸತ್ಯ ನನ್ನ ಬಾಯಿಯವರೆಗೂ ಬಂದಿತ್ತು. ಅವರ ತಟ್ಟೆಗೆ ಇನ್ನೊಂದು ಸೌಟು ಗಂಜಿ ಬಡಿಸಿದೆ.