ತಂತಿ ಮೇಷ್ಟ್ರು ಹೇಳದ ಬಿರುಗಾಳಿ

ಗುಂಡ್ಲುಪೇಟೆಯ ಅಂಚೆ ಕಚೇರಿಯಲ್ಲಿ ಹದಿನಾಲ್ಕು ವರ್ಷ ತಂತಿ ಹೊಡೆದ ಶಿವಮಲ್ಲಪ್ಪನವರ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಸಾಕುಸಾಕಾಗುತ್ತಿತ್ತು. ಹುಟ್ಟಿದ್ದು ಹರವೆಯ ಒಕ್ಕಲು ಮನೆಯಲ್ಲಿ. ಮೈಸೂರಿಗೆ ಹೋಗಿ ತಂತಿಯ ಕಟಕಟ ಭಾಷೆ ಕಲಿತು ಕೆಲಸಕ್ಕೆ ಸೇರಿದ ದಿನ, ತನ್ನ ಕೈಮೇಲೆ ಹಾದುಹೋಗುವ ತಂತಿಯ ವಿಷಯವನ್ನು ಅದು ಸೇರಬೇಕಾದವರಿಗಲ್ಲದೆ ಇನ್ನೊಬ್ಬರಿಗೆ ತಿಳಿಸುವುದಿಲ್ಲ ಎಂಬ ಕಾಗದಕ್ಕೆ ರುಜು ಹಾಕಿದ್ದರು. ಎಲ್ಲರೂ ಹಾಕುವ ರುಜುವೇ. ಹಾಕಿದವರೆಲ್ಲ ಮರುದಿನವೇ ಮರೆಯುತ್ತಾರೆ. ಶಿವಮಲ್ಲಪ್ಪನವರು ಮಾತ್ರ ಅದನ್ನು ಕೊರಳ ಲಿಂಗದಷ್ಟೇ ಜೋಪಾನವಾಗಿ ಇಟ್ಟುಕೊಂಡರು. ಹೆಂಡತಿಯ ಸ್ವಂತ ಅಣ್ಣನಿಗೆ ಮೊಮ್ಮಗ ಹುಟ್ಟಿದ ತಂತಿ ಇಳಿಸಿಕೊಂಡ ದಿನ, ಮಧ್ಯಾಹ್ನ ಮನೆಗೆ ಬಂದು ಮುದ್ದೆ ನುಂಗಿ, ಕೈತೊಳೆದು, ಮಾತಾಡದೆ ಕಚೇರಿಗೆ ಹೋದರು. ಹೆಂಡತಿ ಚಂದ್ರಮತಿಗೆ ವಿಷಯ ಗೊತ್ತಾದದ್ದು ಸಂಜೆ, ಬೀದಿಯ ಹೆಂಗಸರಿಂದ. "ನಿಮ್ಗೆ ಬಾಯಿ ಇರದು ಉಣ್ಣಕ್ ಮಾತ್ರಾನಾ?" ಎಂದು ಆಕೆ ಕೇಳಿದಾಗ ಮೇಷ್ಟ್ರು ಒಳಗೊಳಗೇ ಬೀಗಿದರು. ಊರಿನವರು ಅವರನ್ನು ತಂತಿ ಮೇಷ್ಟ್ರು ಎಂದು ಕರೆಯುತ್ತಿದ್ದರು, ನಂಬುತ್ತಿದ್ದರು. ಆ ನಂಬಿಕೆಯೇ ಅವರ ಸಂಬಳ, ಭತ್ಯೆ ಎಲ್ಲವೂ ಆಗಿತ್ತು.

ಆ ಬಾಯಿಂದ ಒಂದೇ ಒಂದು ಸಲ ಮಾತು ಹೊರಡಬೇಕಾಗಿತ್ತು. ಹೊರಡಲಿಲ್ಲ.

ಮಹಬೂಬ್ ಸಾಬರು ಪೇಟೆಯ ಒಣಮೀನಿನ ವ್ಯಾಪಾರಿ. ಅವರ ಸರಕು ಬರುತ್ತಿದ್ದದ್ದು ಘಟ್ಟದ ಕೆಳಗೆ, ಮಲಬಾರಿನ ಒಂದು ಬೆಸ್ತರ ಹಳ್ಳಿಯಿಂದ. ಅಲ್ಲಿ ಅವರ ಹೆಂಡತಿ ಸಾಬೀರಾಳ ತಮ್ಮ ಜಿಯಾವುಲ್ಲಾ ಬಿಡಾರ ಹೂಡಿದ್ದ. ಮೀನು ಕೊಂಡು, ಒಣಗಿಸಿ, ಮೂಟೆ ಕಟ್ಟಿ, ದೋಣಿಗೆ ಹಾಕಿಸಿ ಒಂಬತ್ತು ಮೈಲಿ ಆಚೆಯ ಬಂದರಿಗೆ ತಾನೇ ಜೊತೆಯಲ್ಲಿ ಬರುತ್ತಿದ್ದ. ಬಂದರಿನಿಂದ ಲಾರಿ ವಯನಾಡಿನ ಮೇಲೆ ಹತ್ತಿ ಗುಂಡ್ಲುಪೇಟೆ ಸೇರುತ್ತಿತ್ತು. ತಾಯಿಯಿಲ್ಲದ ಈ ತಮ್ಮನನ್ನು ಸಾಬೀರಾ ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವನು ಕೆಳಗಿನಿಂದ ಬಂದರೆ ಮನೆಯಲ್ಲಿ ಹಬ್ಬ.

ಸಾಬರಿಗೆ ಇಂಗ್ಲಿಷ್ ಬರದು. ತಂತಿಯ ನಮೂನೆಯನ್ನು ಪ್ರತಿ ಸಲವೂ ಮೇಷ್ಟ್ರೇ ಬರೆದುಕೊಡಬೇಕು. ಆದರೆ ಲಿಂಗವಂತರಾದ ಮೇಷ್ಟ್ರಿಗೆ ಒಣಮೀನಿನ ವಾಸನೆ ಆಗದು. ಇದು ಇಬ್ಬರಿಗೂ ಗೊತ್ತಿದ್ದುದರಿಂದ ಸಾಬರು ಒಳಗೆ ಬರದೆ ಕಿಟಕಿಯ ಹೊರಗಿನ ಕಲ್ಲಿನ ಮೇಲೆ ಕೂತು ವಿಷಯ ಹೇಳುವುದು, ಮೇಷ್ಟ್ರು ಒಳಗೆ ಕೂತು ಬರೆದುಕೊಳ್ಳುವುದು ರೂಢಿಯಾಗಿತ್ತು. ಹೀಗೆ ಕಿಟಕಿಯ ಸರಳುಗಳ ನಡುವೆಯೇ ಹತ್ತು ವರ್ಷದ ಸ್ನೇಹ ಬೆಳೆದಿತ್ತು.

ಸಾವಿರದ ಒಂಬೈನೂರ ಐವತ್ತೊಂದರ ಅಕ್ಟೋಬರಿನ ಕೊನೆ, ಒಂದು ಬುಧವಾರ. ಕೆಳಗಿನ ಸೀಮೆಗೆ ಹೋಗುವ ಇನ್ನೊಂದು ದಾರಿಯ ತಂತಿ ಮಳೆಗೆ ಕಡಿದುಬಿದ್ದಿತ್ತು. ಅಂಥ ದಿನಗಳಲ್ಲಿ ಬಂದರಿನ ತಂತಿಗಳು ಗುಂಡ್ಲುಪೇಟೆಯ ಮೇಲೆ ಹಾದುಹೋಗುತ್ತಿದ್ದವು. ಮೇಷ್ಟ್ರು ಒಂದು ಕೈಯಲ್ಲಿ ಇಳಿಸಿಕೊಂಡು ಇನ್ನೊಂದು ಕೈಯಲ್ಲಿ ಮುಂದಕ್ಕೆ ಹೊಡೆಯಬೇಕು. ಬೆಳಿಗ್ಗೆ ಹತ್ತೂವರೆಗೆ ಬಂದದ್ದು ಹವಾಮಾನದ ತಂತಿ. ಸಮುದ್ರದಲ್ಲಿ ಬಿರುಗಾಳಿ ಎದ್ದಿದೆ, ನಾಳೆ ಮಧ್ಯಾಹ್ನದಿಂದ ತೀರಕ್ಕೆ ಅಪಾಯ, ದೋಣಿಗಳು ಹೊರಡಬಾರದು, ಬಂದರಿನ ಕಂಬಕ್ಕೆ ಗುರುತು ಏರಿಸಿ ಎಂದಿತ್ತು. ಮೇಷ್ಟ್ರು ಅಕ್ಷರ ತಪ್ಪದೆ ಮುಂದಕ್ಕೆ ಕಳಿಸಿದರು. ತಲೆಯೆತ್ತಿದರೆ ಕಿಟಕಿಯಲ್ಲಿ ಮಹಬೂಬ್ ಸಾಬರ ಮುಖ.

"ಶುಕ್ರವಾರಕ್ಕೆ ಬಂದರಲ್ಲಿ ಲಾರಿ ನಿಂತದೆ ಮೇಷ್ಟ್ರೇ. ನಾಳೆನೇ ಮೂಟೆ ದೋಣಿಗಾಕ್ಕಂಡು ಹೊರ್ಡು ಅಂತ ಜಿಯಾಗೆ ಬರೀರಿ," ಎಂದರು ಸಾಬರು.

ಮೇಷ್ಟ್ರ ಕೈ ನಮೂನೆಯ ಮೇಲೆ ನಿಂತಿತು. ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂತು. ಆದರೆ ಅದು ಬಂದರಿನ ಅಧಿಕಾರಿಗೆ ಸೇರಬೇಕಾದ ತಂತಿ, ಸಾಬರಿಗಲ್ಲ. ಕಡೆಗೆ ಅವರು ಹೇಳಿದ್ದು ಇಷ್ಟು: "ನಾಳಿಕ್ ಕಳ್ಸನ ಬುಡಿ ಸಾಬ್ರೇ. ಲೈನು ಸರ್ಯಾಗಿಲ್ಲ."

ಸಾಬರು ನಕ್ಕರು. "ಇಷ್ಟೊತ್ತೂ ಕಟಕಟ ಅಂತಿತ್ತಲ್ಲ, ನಾನೇ ಕಲ್ ಮ್ಯಾಲ್ ಕೂತು ಕೇಳುಸ್ಕಂಡೆ. ಸೋಮಾರಿ ಆಗೋಗಿದ್ದೀರಿ ಮೇಷ್ಟ್ರೇ."

ಮೇಷ್ಟ್ರು ಬರೆದರು, ಹೊಡೆದರು. ಹೊಡೆಯುವಾಗ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಬಂದರಿನಲ್ಲಿ ಗುರುತು ಏರಿಸುತ್ತಾರೆ, ಜಿಯಾವುಲ್ಲಾ ನೋಡುತ್ತಾನೆ, ದೋಣಿ ಬಿಡುವುದಿಲ್ಲ. ಪಾಪ, ಅವರು ಜನ್ಮದಲ್ಲಿ ಸಮುದ್ರ ನೋಡಿದವರಲ್ಲ. ಅವರ ಮನಸ್ಸಿನಲ್ಲಿದ್ದ ಸಮುದ್ರ ಹರವೆಯ ಕೆರೆಯೇ, ಸ್ವಲ್ಪ ದೊಡ್ಡದು ಅಷ್ಟೆ. ಕೆರೆಯ ಏರಿಯ ಮೇಲೆ ಒಂದು ಕಂಬ ನೆಟ್ಟು ಬಟ್ಟೆ ಕಟ್ಟಿದರೆ ಸುತ್ತಲಿನ ಗದ್ದೆಯವರಿಗೆಲ್ಲ ಕಾಣುತ್ತದೆ. ಬಂದರಿನ ಕಂಬವೂ ಹಾಗೆಯೇ ಎಂದುಕೊಂಡರು.

ಶನಿವಾರ ತಂತಿ ಬಂತು. ಈ ಸಲ ಅದು ಸಾಬರಿಗೇ ಸೇರಬೇಕಾದದ್ದು. ದೋಣಿ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊರಟು ಬಂದರು ಮುಟ್ಟಲಿಲ್ಲ, ಜಿಯಾವುಲ್ಲಾ ಮತ್ತು ನಾಲ್ವರು ಅಂಬಿಗರು ಹೋದರು ಎಂದು ಅದರಲ್ಲಿತ್ತು. ಅಂಚೆ ಪೇದೆ ಬೋರಯ್ಯನನ್ನು ಕಳಿಸದೆ ಮೇಷ್ಟ್ರು ತಾವೇ ಹೋಗಿ ಕೊಟ್ಟರು. ಓದಿ ಹೇಳಿದ ಮೇಲೆ ಒಳಗಿನಿಂದ ಎದ್ದ ಸಾಬೀರಾಳ ಕೂಗು ಅವರನ್ನು ಬೀದಿಯ ಕೊನೆಯವರೆಗೂ ಅಟ್ಟಿಸಿಕೊಂಡು ಬಂತು.

ಹೆಣ ಸಿಕ್ಕಲಿಲ್ಲ. ಹದಿನೈದು ದಿನದ ನಂತರ ಸಾಬರು ಜಿಯಾವುಲ್ಲಾನ ಬಿಡಾರ ತೆರವು ಮಾಡಲು ಕೆಳಗಿಳಿದಾಗ ಮೇಷ್ಟ್ರು ರಜೆ ಹಾಕಿ ಜೊತೆಗೆ ಹೋದರು. ಲೆಕ್ಕಪತ್ರ ಓದಲು ಒಬ್ಬರು ಬೇಕಲ್ಲ ಎಂಬ ನೆಪ. ಹಳ್ಳಿಯ ಮರಳಿನ ಮೇಲೆ ನಿಂತು ಬಂದರಿದ್ದ ದಕ್ಷಿಣ ದಿಕ್ಕಿಗೆ ನೋಡಿದರು. ನಡುವೆ ಸಮುದ್ರಕ್ಕೆ ಚಾಚಿದ ಒಂದು ಗುಡ್ಡ. ಬಂದರಿಲ್ಲ, ಕಂಬವಿಲ್ಲ, ಕಂಬದ ತುದಿಯೂ ಇಲ್ಲ. ಆ ಗುರುವಾರ ಎಚ್ಚರಿಕೆಯೇನಾದರೂ ಬಂದಿತ್ತೇ ಎಂದು ಮೇಷ್ಟ್ರು ಕೇಳಿಸಿದರು. ಒಬ್ಬ ಮುದಿ ಬೆಸ್ತ ಮಲಯಾಳದಲ್ಲಿ ಹೇಳಿದ್ದನ್ನು ಸಾಬರು ಕನ್ನಡಕ್ಕೆ ತಿರುಗಿಸಿದರು: ಅಂಚೆ ಪೇದೆ ಹಿಂದಿನ ಸಂಜೆ ಬಂದಿದ್ದ, ಜಿಯಾವುಲ್ಲಾಗೆ ಒಂದು ತಂತಿ ಕೊಟ್ಟು ಹೋದ, ಅಷ್ಟೆ. ಹೇಳಿ ಮುಗಿಸಿ ಸಾಬರು ಸಮುದ್ರಕ್ಕೆ ಬೆನ್ನು ಹಾಕಿ ನಿಂತರು. ವ್ಯಾಪಾರದ ತಂತಿ ಮನೆಯ ಬಾಗಿಲಿಗೆ ಹೋಗಿತ್ತು, ಜೀವ ಉಳಿಸುವ ತಂತಿ ಬಂದರಿನ ಕಂಬದಲ್ಲೇ ನೇತಾಡುತ್ತಿತ್ತು. ಎರಡನ್ನೂ ಹೊಡೆದ ಕೈ ಮಾತ್ರ ಒಂದೇ. ಅದನ್ನು ಆಗಲೇ, ಆ ಮರಳಿನ ಮೇಲೆಯೇ ಹೇಳಬಹುದಾಗಿತ್ತು. ಮೇಷ್ಟ್ರು ಹೇಳಲಿಲ್ಲ.

ಅತ್ತ ಮನೆಯಲ್ಲಿ ಸಾಬೀರಾ ಗಂಡನಿಗೆ ಒಂದೇ ಮಾತು ಹೇಳಿದ್ದಳು, ನಿನ್ನ ತಂತಿಯೇ ನನ್ನ ತಮ್ಮನನ್ನು ಕೊಂದದ್ದು ಎಂದು. ಆಮೇಲೆ ನೇರವಾಗಿ ಮಾತೇ ಬಿಟ್ಟಳು. ಅಡಿಗೆ ಮಾಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಆದರೆ ಹೇಳುವುದೇನಿದ್ದರೂ ಮಗಳು ನಜೀಮಾಳ ಮೂಲಕ. ಅಬ್ಬಾಗೆ ಹೇಳು, ಊಟ ಆಗಿದೆ. ಅಬ್ಬಾಗೆ ಹೇಳು, ಎಣ್ಣೆ ಮುಗಿದಿದೆ. ಸಾಬರೂ ಪರದೆಯ ಇತ್ತ ಕೂತು, ಅಮ್ಮಿಗೆ ಹೇಳು ಎನ್ನುತ್ತಿದ್ದರು. ಪರದೆಯ ಎರಡು ಕಡೆಯೂ ಎಲ್ಲವೂ ಕೇಳಿಸುತ್ತಿತ್ತು, ಆದರೂ ಹಾಗೆಯೇ ನಡೆಯಿತು. ಸಾಬರು ಅದನ್ನು ತಮಗೆ ಸಲ್ಲಬೇಕಾದ ಶಿಕ್ಷೆ ಎಂದು ಒಪ್ಪಿಕೊಂಡಿದ್ದರು. "ಅವಳು ಹೇಳದ್ರಲ್ಲಿ ತಪ್ಪೇನಿಲ್ಲ ಮೇಷ್ಟ್ರೇ. ಕಳ್ಸಿದ್ದು ನಾನೇ ತಾನೇ?" ಎಂದು ಒಂದು ಸಲ ಅಂದರು. ಅಂದಿನಿಂದ ಮೇಷ್ಟ್ರು ಅವರನ್ನು ಕಲ್ಲಿನ ಮೇಲೆ ಕೂರಲು ಬಿಡಲಿಲ್ಲ. ಒಳಗೆ ಕರೆದು ಕುರ್ಚಿ ಕೊಟ್ಟರು. ಮೀನಿನ ವಾಸನೆ ಇದ್ದೇ ಇತ್ತು. ಮೇಷ್ಟ್ರಿಗೆ ಎಷ್ಟು ದೊಡ್ಡ ಮನಸ್ಸು ಎಂದು ಸಾಬರು ಊರಲ್ಲೆಲ್ಲ ಹೇಳಿಕೊಂಡು ತಿರುಗಿದರು. ಕೇಳಿದಾಗಲೆಲ್ಲ ಮೇಷ್ಟ್ರಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು.

ಬಾಯಲ್ಲಿ ಹೇಳಲಾರದವರು ಕಾಗದ ಹಿಡಿದರು. ಸರ್ಕಾರದ ನೌಕರ ನೇರವಾಗಿ ಅರ್ಜಿ ಹಾಕುವಂತಿಲ್ಲವಾದ್ದರಿಂದ ಅರ್ಜಿ ಮಹಬೂಬ್ ಸಾಬರ ಹೆಸರಿನಲ್ಲಿ ಹೋಯಿತು. ಬರೆದದ್ದು ಮೇಷ್ಟ್ರು, ರುಜು ಉರ್ದುವಿನಲ್ಲಿ ಸಾಬರದು. ಬಿರುಗಾಳಿಯ ಎಚ್ಚರಿಕೆ ಬಂದರಿಗೆ ಮಾತ್ರ ಹೋದರೆ ಸಾಲದು, ತೀರದ ಒಂದೊಂದು ಅಂಚೆ ಕಚೇರಿಗೂ ಹೋಗಬೇಕು. ಉಳಿದ ತಂತಿಗಳನ್ನು ಹಂಚುವ ಪೇದೆಯೇ ಅದನ್ನೂ ಒಯ್ದು ಕಡಲ ದಂಡೆಯಲ್ಲಿ ಕೂಗಿ ಹೇಳಬೇಕು. ಬಂದರಿನ ಗುರುತಿನ ನಂಬರು ಹೇಳಿದರೆ ಬೆಸ್ತರಿಗೆ ತಿಳಿಯದು, ಯಾವ ದಿನ, ಯಾವ ಹೊತ್ತು, ಎತ್ತ ಕಡೆಯ ಗಾಳಿ ಎಂದು ಅವರ ಮಾತಿನಲ್ಲೇ ತಿಳಿಸಬೇಕು ಎಂದೆಲ್ಲ ಬರೆದರು. ಕೊನೆಗೆ ಇನ್ನೊಂದು ಸಾಲು ಬರೆದು, ಹೊಡೆದುಹಾಕಿ, ಮತ್ತೆ ಬರೆದರು: ಇಂಥ ತಂತಿಯನ್ನು ಗುಟ್ಟಿನದೆಂದು ಎಣಿಸದೆ, ಅದು ಹಾದುಹೋಗುವ ಕಚೇರಿಗಳು ಬೇಕಾದವರಿಗೆ ತಿಳಿಸಲು ಅಪ್ಪಣೆಯಾಗಬೇಕು.

ಓದಿ ಹೇಳಿದಾಗ ಸಾಬರು ಆ ಕೊನೆಯ ಸಾಲಿನ ಅರ್ಥ ಕೇಳಿದರು. ಅದು ಇರಲಿ, ಇದ್ದರೆ ಒಳ್ಳೆಯದು ಎಂದು ಮೇಷ್ಟ್ರು ಹಾರಿಸಿಬಿಟ್ಟರು. ಮೇಲಿನವರಿಂದ ಅಪ್ಪಣೆಯ ಕಾಗದ ಬಂದ ದಿನ ಅದನ್ನು ಕೈಯಲ್ಲಿ ಹಿಡಿದು ಎಲ್ಲವನ್ನೂ ಹೇಳಿಬಿಡುವುದು ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದರು. ರೂಲಿತ್ತು ಸಾಬರೇ, ನನ್ನ ಬಾಯಿ ಕಟ್ಟಿತ್ತು, ಈಗ ನೋಡಿ ಆ ರೂಲನ್ನೇ ತೆಗೆಸಿದೆ ಎನ್ನಬಹುದು. ಆಗ ಸಾಬೀರಾಳಿಗೂ ಗೊತ್ತಾಗುತ್ತದೆ, ಗಂಡನೊಬ್ಬನದೇ ತಪ್ಪಲ್ಲವೆಂದು.

ಕಾಗದ ಬರಬೇಕಲ್ಲ. ಎಲ್ಲವೂ ಕ್ರಮಪ್ರಕಾರವೇ ನಡೆದಿದೆ ಎಂದು ಮೊದಲ ಉತ್ತರ ಬಂತು. ಆ ಹಳ್ಳಿ ನಮ್ಮ ಸರಹದ್ದಿನದಲ್ಲ ಎಂದು ಎರಡನೆಯದು. ಮೇಷ್ಟ್ರು ಬಿಡಲಿಲ್ಲ. ಐವತ್ತನಾಲ್ಕರಲ್ಲಿ ಚಾಮರಾಜನಗರಕ್ಕೆ ವರ್ಗವಾದರೂ ಅಲ್ಲಿಂದಲೇ ಬರೆದರು, ಪ್ರತಿ ಸಲವೂ ಗುಂಡ್ಲುಪೇಟೆಗೆ ಬಸ್ಸು ಹತ್ತಿ ಸಾಬರ ರುಜು ಹಾಕಿಸಿಕೊಂಡು ಬಂದರು. ಐವತ್ತಾರರಲ್ಲಿ ರಾಜ್ಯಗಳು ಹೊಸದಾಗಿ ಹಂಚಿಕೆಯಾದಾಗ ಫೈಲು ಯಾವ ಕಡೆಗೆ ಹೋಯಿತೋ ಯಾರಿಗೂ ತಿಳಿಯಲಿಲ್ಲ. ಮತ್ತೆ ಮೊದಲಿನಿಂದ ಬರೆದರು.

ಐವತ್ತೇಳರಲ್ಲಿ, ರಂಜಾನ್ ಹಬ್ಬ ಕಳೆದು ಎರಡು ವಾರಕ್ಕೆ, ಸಾಬೀರಾ ವಿಷಮಜ್ವರದಲ್ಲಿ ತೀರಿಕೊಂಡಳು. ಮಣ್ಣಿಗೆ ಹೋಗಿದ್ದ ಮೇಷ್ಟ್ರು, ಕೊನೆಯ ಗಳಿಗೆಯಲ್ಲಾದರೂ ಆಕೆ ಗಂಡನ ಹತ್ತಿರ ಮಾತಾಡಿದಳೇ ಎಂದು ನಜೀಮಾಳನ್ನು ಕೇಳಿದರು. ಹುಡುಗಿ ಇಲ್ಲವೆಂದು ತಲೆಯಾಡಿಸಿದಳು.

ನವೆಂಬರಿನಲ್ಲಿ ಕಾಗದ ಬಂತು. ಅರ್ಜಿಯಲ್ಲಿ ಕೊಟ್ಟಿದ್ದಂತೆ ಸಾಬರ ಹೆಸರಿಗೆ, ಚಾಮರಾಜನಗರದ ಕಚೇರಿಯಲ್ಲಿದ್ದ ಮೇಷ್ಟ್ರ ವಿಳಾಸಕ್ಕೆ. ಮೇಷ್ಟ್ರು ಅಲ್ಲೇ ಒಡೆದರು. ತೀರದ ಅಂಚೆ ಕಚೇರಿಗಳಿಗೆ ಇನ್ನು ಮುಂದೆ ಎಚ್ಚರಿಕೆಯ ತಂತಿ ಹೋಗುವುದು, ದಂಡೆಯಲ್ಲಿ ಮಲಯಾಳದಲ್ಲಿ ಸಾರುವ ಏರ್ಪಾಡಾಗುವುದು ಎಂದಿತ್ತು. ಆರು ವರ್ಷದ ಬರಹ ಗೆದ್ದಿತ್ತು. ಕೊನೆಯ ಸಾಲಿಗೂ ಒಂದು ಉತ್ತರವಿತ್ತು: ಹವಾಮಾನದ ಎಚ್ಚರಿಕೆಗಳು ಸಾರ್ವಜನಿಕರ ತಿಳಿವಳಿಕೆಗಾಗಿಯೇ ಇರುವುದರಿಂದ ಅವುಗಳನ್ನು ತಿಳಿಸಲು ಹಿಂದೆಯೂ ಯಾವ ಅಡ್ಡಿಯೂ ಇರಲಿಲ್ಲ, ಈ ಬಗ್ಗೆ ಹೊಸ ಅಪ್ಪಣೆಯ ಅಗತ್ಯವಿಲ್ಲ.

ಮೇಷ್ಟ್ರು ಆ ಸಾಲನ್ನು ಎಷ್ಟು ಸಲ ಓದಿದರೋ. ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳುವುದೆಂದರೂ ಬಾಯಿ ಬಿಡಬೇಕಲ್ಲ.

ಆ ಮಧ್ಯಾಹ್ನವೇ ಗುಂಡ್ಲುಪೇಟೆಯ ಬಸ್ಸು ಹತ್ತಿದರು. ಸಾಬರ ಜಗಲಿಯಲ್ಲಿ ಕೂತು ಕಾಗದ ಓದಿ ಹೇಳಿದಾಗ ಸಾಬರು ಎರಡೂ ಕೈಯಲ್ಲಿ ಅವರ ಕೈ ಹಿಡಿದುಕೊಂಡು, ನಿಮ್ಮಿಂದ ಎಷ್ಟು ಮನೆ ಉಳಿದವೋ ಎಂದರು. ಮೇಷ್ಟ್ರು ಕೈ ಬಿಡಿಸಿಕೊಂಡು, ಆ ಬುಧವಾರದ್ದನ್ನು ಹೇಳಿದರು. ತಂತಿ ಬಂದದ್ದು, ಕಳಿಸಿದ್ದು, ಲೈನು ಸರಿಯಿಲ್ಲ ಎಂದು ಸುಳ್ಳು ಹೇಳಿದ್ದು. ರೂಲಿತ್ತು ಎಂದುಕೊಂಡಿದ್ದು, ಇರಲಿಲ್ಲ ಎಂದು ಇವತ್ತು ತಿಳಿದದ್ದು. ಎಲ್ಲ ಹೇಳಿ ತಲೆ ತಗ್ಗಿಸಿ ಕೂತರು.

ಸಾಬರು ಕಾಗದದ ಮೇಲೊಮ್ಮೆ ಕೈಯಾಡಿಸಿದರು. ಆಮೇಲೆ ಕೇಳಿದರು, "ಆ ತಂತೀಲಿ ಏನಿತ್ತು? ಈಗ್ಲಾದ್ರೂ ಯೋಳಿ."

ಮೇಷ್ಟ್ರಿಗೆ ಒಂದಕ್ಷರವೂ ಮರೆತಿರಲಿಲ್ಲ. ಕನ್ನಡದಲ್ಲಿ ಹೇಳಿದರು. ಸಮುದ್ರದಲ್ಲಿ ಬಿರುಗಾಳಿ. ನಾಳೆ ಮಧ್ಯಾಹ್ನದಿಂದ ತೀರಕ್ಕೆ ಅಪಾಯ. ದೋಣಿಗಳು ಹೊರಡಬಾರದು. ಕಂಬಕ್ಕೆ ಗುರುತು ಏರಿಸಿ.

"ಇಷ್ಟೇನಾ?" ಎಂದರು ಸಾಬರು. "ಕಲ್ ಮ್ಯಾಲ್ ಕೂತು ನಾನು ಕೇಳುಸ್ಕಂಡ್ನಲ್ಲ, ಅದೇನಾ ಇದು?"

ಮೇಷ್ಟ್ರು ಹೌದೆಂದರು. ಅವರ ಕಣ್ಣಿಂದ ನೀರು ಕಾಗದದ ಮೇಲೆ ಬಿತ್ತು, ಒರೆಸಿಕೊಳ್ಳಲಿಲ್ಲ. ಸಾಬರ ಮುಖದಲ್ಲಿ ಸಿಟ್ಟು ಬರಲಿಲ್ಲ. ಆರು ವರ್ಷದಿಂದ ಹೆಗಲ ಮೇಲಿದ್ದ ಭಾರವನ್ನು ಯಾರೋ ಒಂದು ಕಡೆ ಹಿಡಿದುಕೊಂಡಂತೆ ಅವರು ನೆಟ್ಟಗೆ ಕೂತರು. ಮರುಗಳಿಗೆಯೇ ಒಳಗಿನ ಪರದೆಯ ಕಡೆಗೆ ತಿರುಗಿ, ಅವಸರದಲ್ಲಿ, ದೊಡ್ಡ ದನಿಯಲ್ಲಿ ತಮ್ಮ ಮನೆಮಾತಿನಲ್ಲಿ ಕೂಗಿದರು. ಅಷ್ಟು ಉರ್ದು ಮೇಷ್ಟ್ರಿಗೂ ಅರ್ಥವಾಗುತ್ತಿತ್ತು. ನಜೀಮಾ, ಅಮ್ಮಿಗೆ ಹೇಳು, ಎಂದಿದ್ದರು.

ನಜೀಮಾ ಪರದೆ ಸರಿಸಿ ಹೊರಗೆ ಬಂದು ನಿಂತಳು. ಸರಿದ ಪರದೆಯ ಹಿಂದೆ ಸಾಬೀರಾ ಇರುತ್ತಿದ್ದ ಜಾಗ ಖಾಲಿಯಿತ್ತು.