ಊರಿಗೆ ಹೊಸ ದೂರದರ್ಶಕ

ಕೊಪ್ಪದ ಹೈಸ್ಕೂಲಿಗೆ ನಾನು ವಿಜ್ಞಾನ ಮೇಷ್ಟ್ರಾಗಿ ಸೇರಿದಾಗ, ಅಲ್ಲಿದ್ದ ಹಿರಿಯ ಗಣಿತ ಮೇಷ್ಟ್ರು ನನ್ನ ಪ್ರತಿ ತಪ್ಪಿಗೂ ಒಂದೇ ಮಾತು ಹೇಳುತ್ತಿದ್ದರು: "ಊರಿಗೆ ಹೊಸಬರು, ಇರ್ಲಿ ಬಿಡಿ." ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಆ ಫೆಬ್ರವರಿಯಲ್ಲಿ ಶಾಲೆಗೆ ಕಂಪ್ಯೂಟರ್ ಇರುವ ದೂರದರ್ಶಕವೊಂದು ಎರವಲು ಬಂತು. ಶನಿಗ್ರಹ ನೋಡಲು ಎಂಟನೇ ತಾರೀಖು ಸಂಜೆ ಊರವರೆಲ್ಲ ಮೈದಾನದಲ್ಲಿ ಸಾಲುಗಟ್ಟಿದರು. ಗಣಿತ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ, ಗಾರೆಯವರ ರಸಮಟ್ಟ ಇಟ್ಟು ದೂರದರ್ಶಕದ ಮೂರೂ ಕಾಲು ಸಮ ಮಾಡಿದರು. ರಿಮೋಟಿನಲ್ಲಿ ತಾರೀಖು ಒತ್ತಿದವನು ನಾನು. ದಿಕ್ಕು ಹೊಂದಿಸಿಕೊಳ್ಳಲು ಯಂತ್ರ ಮೊದಲು ಸ್ವಾತಿ ನಕ್ಷತ್ರದತ್ತ ತಿರುಗಿಸಲು ಕೇಳಿತು.

ಮೇಷ್ಟ್ರು ಆಕಾಶ ನೋಡಿದರು. "ಈ ತಿಂಗಳು ಸಂಜೆಗೆ ಸ್ವಾತಿ ಎಲ್ಲಿಂದ ಬರ್ಬೇಕು ಮಾರಾಯ್ರೆ?"

ರಿಮೋಟ್ ತೆಗೆದುಕೊಂಡು ನೋಡಿದರು. ಅದು ಮೊದಲು ಕೇಳಿದ್ದು ತಿಂಗಳನ್ನು. ನಾನು ನಮ್ಮ ರೂಢಿಯಂತೆ ಮೊದಲು ದಿನ ಒತ್ತಿದ್ದೆ. ಯಂತ್ರದ ಲೆಕ್ಕದಲ್ಲಿ ಅದು ಆಗಸ್ಟ್ ತಿಂಗಳು.

ಸಾಲಿನ ತುದಿಯಲ್ಲಿದ್ದ ಹೆಡ್‌ಮಾಸ್ಟರು ಗದರಿದರು: "ಇನ್ನೂ ಎಂತ ಮಾಡ್ತಿದ್ದೀರಿ? ಯಾರದ್ದು ತಪ್ಪು?"

ಮೇಷ್ಟ್ರು ಸದ್ದಿಲ್ಲದೆ ತಾರೀಖು ತಿದ್ದಿ, ದೂರದರ್ಶಕದ ಬೆನ್ನು ಮೆಲ್ಲಗೆ ತಟ್ಟಿದರು.

"ಊರಿಗೆ ಹೊಸತು ಸಾರ್, ಇರ್ಲಿ ಬಿಡಿ."