ನೀನು ಆರಿಸಿದ ಕರ್ಪೂರ

ಜವರಣ್ಣ, ನನ್ನ ಮಗಳು ಕಾವ್ಯಳನ್ನು ನಿನ್ನ ಆಟೋದಲ್ಲಿ ಮುಂದೆ ಕೂರಿಸು ಎಂದವಳು ನಾನೇ. ಕೋರ್ಟಿನಲ್ಲಿ ಇಲ್ಲ ಎಂದೆ. ಸುಳ್ಳು ಹೇಳಿದೆ.

ಹಿಂದೆ ಕೂತರೆ ಮಗುವಿಗೆ ವಾಂತಿ. ಕೊತ್ತತ್ತಿಯಿಂದ ಮಂಡ್ಯದ ಸ್ಕೂಲು ಮುಟ್ಟುವಷ್ಟರಲ್ಲಿ ಯೂನಿಫಾರಂ ಎಲ್ಲ ಗಬ್ಬು. “ಮುಂದ್ಗಡೆ ಮಕ್ಳ ಕೂರಿಸ್ಬಾರ್ದು ಕಣವ್ವ” ಎಂದೆ ನೀನು. ನಾನು ಒಂದು ವಾರ ಕಾಡಿ ಒಪ್ಪಿಸಿದೆ. ಆಮೇಲೆ ನಿನ್ನ ಪಕ್ಕದ ಜಾಗ ಅವಳದೇ ಆಯಿತು. ಆ ದಿನ ನಾಲೆ ತಿರುವಿನಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂತು, ನೀನು ಪಕ್ಕಕ್ಕೆ ಎಳೆದೆ, ಆಟೋ ಮಗುಚಿತು. ಹಿಂದಿದ್ದ ಮಕ್ಕಳಿಗೆ ತರಚು ಗಾಯ. ನನ್ನ ಮಗಳ ಬಲಗೈ ಕಂಬಿಯ ಕೆಳಗೆ — ಈಗಲೂ ಅದನ್ನು ಪೂರ್ತಿ ಹೇಳಲಾರೆ.

ಪರಿಹಾರಕ್ಕೆ ಕೇಸು ಹಾಕುವುದೋ ಬೇಡವೋ? ಊರಿಗೆ ಊರೇ ಬುದ್ಧಿ ಹೇಳಲು ಬಂತು. “ನಮ್ಮೋನೇ ಕಣಮ್ಮ, ರಾಜಿ ಆಗ್ಬುಡು.” ನನ್ನ ಗಂಡನದೂ ಅದೇ ರಾಗ. ಇನ್ನೂ ಎರಡು ಆಪರೇಷನ್ ಆಗದಿದ್ದರೆ ಬೆರಳು ಮಡಚುವುದಿಲ್ಲ ಎಂದಿದ್ದರು ಡಾಕ್ಟರು. ರಾಜಿ ಮಾಡಿಕೊಂಡರೆ ಬೆರಳು ಮಡಚುತ್ತದೆಯೇ? ಹಾಕಿದೆ. ಅದಕ್ಕೆ ಇವತ್ತಿಗೂ ನಾನು ತಲೆ ತಗ್ಗಿಸುವುದಿಲ್ಲ. ನಾಳೆ ಅದೇ ಪ್ರಸಂಗ ಬಂದರೂ ಹಾಕುತ್ತೇನೆ.

ಆದರೆ ಸುಳ್ಳು — ಅದು ಬೇರೆ. ತಾಯಿಯೇ ಮುಂದೆ ಕೂರಿಸಿದ್ದು ಎಂದಾದರೆ ಪರಿಹಾರಕ್ಕೆ ಕತ್ತರಿ ಬೀಳುತ್ತದೆಂದು ನನಗೆ ಗೊತ್ತಿತ್ತು. ಕಟಕಟೆಯಲ್ಲಿ ನಿಂತು, “ಅವನೇ ಕೂರಿಸ್ಕಂಡಿದ್ದು” ಎಂದುಬಿಟ್ಟೆ.

ಊರವರು ಬಿಡಲಿಲ್ಲ. ಮಾರಮ್ಮನ ಗುಡಿ ಮುಂದೆ ನಿಲ್ಲಿಸಿ, “ಅಲ್ಲೇಳಿದ್ನ ಇಲ್ಲೂ ಏಳಿ, ಕರ್ಪೂರ ಆರ್ಸಿ ಆಣೆ ಮಾಡು” ಎಂದರು. ನಾನು ಕೈ ಎತ್ತಿದೆ ಜವರಣ್ಣ. ಆರಿಸುವವಳೇ ಇದ್ದೆ. ಅಷ್ಟರಲ್ಲಿ ನೀನು ನುಗ್ಗಿ ಬಂದು ಉರಿಯುವ ಕರ್ಪೂರದ ಮೇಲೆ ಅಂಗೈ ಒತ್ತಿದೆ.

“ಮಕ್ಳ ತಾಯಿ ಕೈಲಿ ಆಣೆ ಬ್ಯಾಡ ಬುಡ್ರಪ್ಪ. ನಾನೇ ಕೂರಿಸ್ಕಂಡಿದ್ದು.”

ಸುಳ್ಳಾಣೆ ಮಕ್ಕಳಿಗೆ ತಟ್ಟುತ್ತದೆ ಎಂದು ನಂಬಿದವನು ನೀನು. ನಿನಗೂ ಮಕ್ಕಳಿದ್ದರು.

ಡ್ರೈವರ್ ಪಕ್ಕ ಕೂತವರಿಗೆ ತಾವು ಹೊಣೆಯಲ್ಲವೆಂದು ವಿಮೆಯವರು ಜಾರಿಕೊಂಡರು. ಕೋರ್ಟು ಹೇಳಿದ ಪರಿಹಾರವನ್ನು ನೀನು ಆಟೋ ಮಾರಿ ಕಟ್ಟಿದೆ. ಈಗ ಮದ್ದೂರಿನಲ್ಲಿ ಯಾರದೋ ಗಾಡಿಗೆ ಮೂಟೆ ಹೇರುತ್ತೀಯಂತೆ. ನಾನು ನಿಜ ಹೇಳಿದ್ದರೆ ಹೊರೆ ಇಬ್ಬರಿಗೂ ಹಂಚಿಹೋಗುತ್ತಿತ್ತು.

ಕಾವ್ಯ ಈಗ ಕಾಲೇಜಿಗೆ ಹೋಗುತ್ತಾಳೆ, ಅದೇ ಕೈಯಲ್ಲಿ ಬರೆಯುತ್ತಾಳೆ. ಆಗ ಅವಳು ತೀರ ಚಿಕ್ಕವಳು, ಏನೂ ನೆನಪಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕರೆ ಮುಖ ತಿರುಗಿಸುತ್ತಾಳೆ — ಹಾಗೆ ಕಲಿಸಿದವಳು ನಾನು. ಕೇಸಿಗಿಂತ, ಆಟೋಗಿಂತ, ಅದೇ ನನ್ನನ್ನು ಸುಡುತ್ತದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಅದು ನನಗೆ ಬೇಡ. ಬರುವ ಮಂಗಳವಾರ ಅದೇ ಗುಡಿ ಮುಂದೆ, ಕಾವ್ಯಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನಡೆದದ್ದನ್ನು ನಡೆದ ಹಾಗೆ ಹೇಳಿ ಕರ್ಪೂರ ಹಚ್ಚುತ್ತೇನೆ. ಊರು ಉಗಿಯಲಿ, ಮಗಳು ಮಾತು ಬಿಡಲಿ. ನೀನೂ ಬಾ. ಆದರೆ ಈ ಸಲ ಕೈ ಅಡ್ಡ ತರಬೇಡ ಜವರಣ್ಣ, ನಾನೇ ಆರಿಸುತ್ತೇನೆ.